ವಿಳಂಬ ಪಾವತಿ (ಭಾರತ)

ವಿಳಂಬ ಪಾವತಿ ಎಂದರೆ ಸರಕನ್ನೋ ಸೇವೆಯನ್ನೋ ಪಡೆದ ಖರೀದಿದಾರನು ಅದರ ಹಣವನ್ನು ಕರಾರಿನಲ್ಲಿ ಒಪ್ಪಿದ, ಅಥವಾ ಕಾನೂನು ಗೊತ್ತುಪಡಿಸಿದ ದಿನಾಂಕದೊಳಗೆ ಪೂರೈಕೆದಾರನಿಗೆ ಸಲ್ಲಿಸದಿರುವುದು. ಭಾರತದಲ್ಲಿ ಈ ವಿಷಯವನ್ನು ಮುಖ್ಯವಾಗಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006 ನಿಯಂತ್ರಿಸುತ್ತದೆ. ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಂತೆಯೇ ತಂತ್ರಾಂಶ ತಯಾರಕರು, ಅನುವಾದಕರು, ವಿನ್ಯಾಸಕರು, ಛಾಯಾಗ್ರಾಹಕರು, ಸಲಹೆಗಾರರು ಮೊದಲಾದ ಸ್ವತಂತ್ರ ವೃತ್ತಿಪರರೂ ನೋಂದಾಯಿತರಾಗಿದ್ದರೆ ಈ ಅಧಿನಿಯಮದ ರಕ್ಷಣೆಯನ್ನು ಕೇಳಬಹುದು. ಪಾವತಿಗೆ 45 ದಿನಗಳ ಗರಿಷ್ಠ ಮಿತಿ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ವಿವಾದವನ್ನು ಕೇಳಲು ರಾಜ್ಯ ಮಟ್ಟದ ಮಂಡಳಿ, ಇವು ಅದರ ಮುಖ್ಯ ಅಂಶಗಳು. ಕಾಗದದ ಮೇಲೆ ಇದು ಕಠಿಣವಾದ ಕಾನೂನು. ಆದರೆ ಅದರ ಪ್ರಯೋಜನ ಸಿಗುವುದು ಕೆಲಸ ಒಪ್ಪಿಕೊಳ್ಳುವ ಮೊದಲೇ ಕೆಲವು ಸಿದ್ಧತೆಗಳನ್ನು ಮಾಡಿಕೊಂಡವರಿಗೆ ಮಾತ್ರ.

ಹಿನ್ನೆಲೆ

ಸಂಬಳದ ನೌಕರನಿಗೆ ವೇತನ ತಡವಾದರೆ ವೇತನ ಪಾವತಿಯ ಕಾನೂನುಗಳು, ಕಾರ್ಮಿಕ ಇಲಾಖೆ ಹಾಗೂ ಕಾರ್ಮಿಕ ನ್ಯಾಯಾಲಯಗಳು ಇವೆ. ಸ್ವತಂತ್ರ ವೃತ್ತಿಪರರು ಕಾನೂನಿನ ದೃಷ್ಟಿಯಲ್ಲಿ ನೌಕರರಲ್ಲ. ಅವರು ಮತ್ತೊಂದು ವ್ಯವಹಾರಕ್ಕೆ ಸೇವೆ ಮಾರುವ ವ್ಯಾಪಾರಿಗಳು. ಆದ್ದರಿಂದ ಅವರಿಗೆ ಬರಬೇಕಾದ ಹಣ ವೇತನವಾಗದೆ ವ್ಯಾಪಾರದ ಬಾಕಿಯಾಗುತ್ತದೆ. ಹೆಸರು ಬದಲಾದರೂ ಮನೆ ಬಾಡಿಗೆ, ಸಾಲದ ಕಂತು, ಮಕ್ಕಳ ಶಾಲಾ ಶುಲ್ಕಗಳೆಲ್ಲ ಆ ಬಿಲ್ಲಿನಿಂದಲೇ ಹುಟ್ಟಬೇಕು. ಹತ್ತಾರು ಗ್ರಾಹಕರಿರುವ ಸಂಸ್ಥೆಯೊಂದು ಒಂದು ಬಿಲ್ಲಿನ ವಿಳಂಬವನ್ನು ಮತ್ತೊಂದರ ವಸೂಲಿಯಿಂದ ಸರಿದೂಗಿಸಿಕೊಳ್ಳಬಲ್ಲದು. ಎರಡೇ ಗ್ರಾಹಕರಿರುವ ಒಬ್ಬ ಅನುವಾದಕರಿಗೆ ಆ ಅವಕಾಶವಿಲ್ಲ.

ವಿಳಂಬಕ್ಕೆ ಕಾರಣ ಯಾವಾಗಲೂ ಹಣದ ಕೊರತೆಯಲ್ಲ. ದೊಡ್ಡ ಸಂಸ್ಥೆಗಳಲ್ಲಿ ಬಿಲ್ಲು ಪಾವತಿಯಾಗಬೇಕಾದರೆ ಖರೀದಿ ಆದೇಶದ ಸಂಖ್ಯೆ ಇರಬೇಕು, ಕೆಲಸ ಪಡೆದ ವಿಭಾಗ ಒಪ್ಪಿಗೆ ಸೂಚಿಸಬೇಕು, ಲೆಕ್ಕಪತ್ರ ವಿಭಾಗ ಪರಿಶೀಲಿಸಬೇಕು. ಬಳಿಕ ತಿಂಗಳಿಗೆ ಒಂದೋ ಎರಡೋ ಬಾರಿ ನಡೆಯುವ ಪಾವತಿಯ ಸರದಿ ಬರಬೇಕು. ಬ್ಯಾಂಕ್ ಖಾತೆಯ ಒಂದು ಅಂಕಿ ತಪ್ಪಾದರೂ ಬಿಲ್ಲು ಒಂದು ಸುತ್ತು ಹಿಂದಕ್ಕೆ ಹೋಗುತ್ತದೆ. ಇದಲ್ಲದೆ ಉದ್ದೇಶಪೂರ್ವಕ ವಿಳಂಬವೂ ಉಂಟು. ಪೂರೈಕೆದಾರರ ಹಣವನ್ನು ಮೂರು ತಿಂಗಳು ಇಟ್ಟುಕೊಂಡ ಖರೀದಿದಾರನು ಅಷ್ಟು ಮೊತ್ತಕ್ಕೆ ಬ್ಯಾಂಕಿನಿಂದ ಸಾಲ ಪಡೆಯಬೇಕಾಗಿಲ್ಲ. ಅಂದರೆ ದುರ್ಬಲ ಪಕ್ಷವು ಪ್ರಬಲ ಪಕ್ಷಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ. ಬಡ್ಡಿಯ ಕಾನೂನು ಹುಟ್ಟಿದ್ದು ಈ ಲಾಭವನ್ನು ಇಲ್ಲವಾಗಿಸುವ ಉದ್ದೇಶದಿಂದ.

ಪಾವತಿಯ ಷರತ್ತುಗಳು

ವ್ಯವಹಾರದಲ್ಲಿ ಹೆಚ್ಚು ಬಳಕೆಯಲ್ಲಿರುವ ಷರತ್ತು ಬಿಲ್ಲಿನ ದಿನಾಂಕದಿಂದ ಇಂತಿಷ್ಟು ದಿನಗಳೊಳಗೆ ಪಾವತಿ ಎನ್ನುವುದು. 15, 30, 45, 60 ಅಥವಾ 90 ದಿನಗಳ ಅವಧಿಯನ್ನು ಬರೆಯುವುದು ರೂಢಿ. ದಿನಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಎಣಿಕೆ ಆರಂಭವಾಗುವ ಬಿಂದು. ‘ಬಿಲ್ಲಿನ ದಿನಾಂಕದಿಂದ 30 ದಿನ’ ಮತ್ತು ‘ಬಿಲ್ಲು ಅಂಗೀಕಾರವಾದ ದಿನದಿಂದ 30 ದಿನ’ ಎಂಬ ಎರಡು ವಾಕ್ಯಗಳು ಒಂದೇ ರೀತಿ ಕಾಣುತ್ತವೆ. ಎರಡನೆಯದರಲ್ಲಿ ಅಂಗೀಕಾರ ಯಾವಾಗ ಎಂಬುದು ಖರೀದಿದಾರನ ಕೈಯಲ್ಲಿರುತ್ತದೆ.

ದೀರ್ಘ ಕೆಲಸಗಳಲ್ಲಿ ಮುಂಗಡ ಹಾಗೂ ಹಂತ ಹಂತದ ಪಾವತಿಯ ಪದ್ಧತಿಯಿದೆ. ಮುಂಗಡವು ಹಣಕ್ಕಿಂತ ಹೆಚ್ಚಾಗಿ ಒಂದು ಪರೀಕ್ಷೆಯಾಗಿ ಉಪಯುಕ್ತ: ಹೊಸ ಪೂರೈಕೆದಾರರ ಹೆಸರು ಖರೀದಿದಾರನ ಲೆಕ್ಕಪತ್ರ ವ್ಯವಸ್ಥೆಯಲ್ಲಿ ಸೇರುವುದಕ್ಕೆ ಹಿಡಿಯುವ ಕಾಲ ಕೆಲಸದ ಆರಂಭದಲ್ಲೇ ಕಳೆದುಹೋಗುತ್ತದೆ. ಪೂರೈಕೆದಾರರಿಗೆ ಅತ್ಯಂತ ಅಪಾಯಕಾರಿಯಾದದ್ದು ‘ನಮ್ಮ ಗ್ರಾಹಕರಿಂದ ಹಣ ಬಂದ ಮೇಲೆ ನಿಮಗೆ ಪಾವತಿ’ ಎಂಬ ಷರತ್ತು. ಜಾಹೀರಾತು, ಸಮಾರಂಭ ನಿರ್ವಹಣೆ, ಕಟ್ಟಡ ನಿರ್ಮಾಣ ಮೊದಲಾದ ಉಪಗುತ್ತಿಗೆಯ ಕ್ಷೇತ್ರಗಳಲ್ಲಿ ಇದು ಸಾಮಾನ್ಯ. ತನಗೆ ಪರಿಚಯವೇ ಇಲ್ಲದ ಮೂರನೆಯವನ ಸಾಲದ ಅಪಾಯವನ್ನು ಸರಪಳಿಯ ಕೊನೆಯಲ್ಲಿರುವ ವ್ಯಕ್ತಿ ಹೊರಬೇಕಾಗುತ್ತದೆ. 2006ರ ಅಧಿನಿಯಮದ ವ್ಯಾಪ್ತಿಗೆ ಬರುವ ಪೂರೈಕೆದಾರರ ವಿಷಯದಲ್ಲಿ ಮಾತ್ರ ಇಂಥ ಷರತ್ತು 45 ದಿನಗಳ ಮಿತಿಯನ್ನು ಮೀರಿ ನಿಲ್ಲಲಾರದು. ಅಧಿನಿಯಮದ ಕಲಂ 24ರ ಪ್ರಕಾರ ಪಾವತಿಗೆ ಸಂಬಂಧಿಸಿದ ಕಲಮುಗಳು ಅದಕ್ಕೆ ವಿರುದ್ಧವಾದ ಬೇರೆ ಕಾನೂನುಗಳಿಗಿಂತ ಮೇಲಿನವು.

ಕಾನೂನಿನ ಬೆಳವಣಿಗೆ

ಈ ವಿಷಯಕ್ಕೆಂದೇ ರೂಪುಗೊಂಡ ಮೊದಲ ಕೇಂದ್ರ ಕಾನೂನು ಸಣ್ಣ ಪ್ರಮಾಣದ ಹಾಗೂ ಪೂರಕ ಕೈಗಾರಿಕಾ ಸಂಸ್ಥೆಗಳಿಗೆ ವಿಳಂಬಿತ ಪಾವತಿಯ ಮೇಲಿನ ಬಡ್ಡಿ ಅಧಿನಿಯಮ, 1993. ಅದರ ಹಿಂದೆ 1992ರ ಸುಗ್ರೀವಾಜ್ಞೆಯಿತ್ತು. ದೊಡ್ಡ ಕಾರ್ಖಾನೆಗಳಿಗೂ ಸರ್ಕಾರಿ ಉದ್ಯಮಗಳಿಗೂ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಕೈಗಾರಿಕೆಗಳ ಬಾಕಿಯೇ ಅದರ ಕೇಂದ್ರ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ನೆಲೆಗೊಂಡಿರುವ ಘಟಕಗಳ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಕಾನೂನಿನ ಉದ್ದೇಶ ಸ್ಪಷ್ಟವಾಗುತ್ತದೆ. ‘ಪೂರೈಕೆದಾರ’ ಎಂದರೆ ಕೈಗಾರಿಕಾ ಸಂಸ್ಥೆಯೇ ಆಗಿರಬೇಕಿದ್ದ ಕಾರಣ, ಮೇಜಿನ ಮುಂದೆ ಕುಳಿತು ಸೇವೆ ಒದಗಿಸುವ ಒಬ್ಬಂಟಿ ವೃತ್ತಿಪರರಿಗೆ ಅದರಲ್ಲಿ ಜಾಗವಿರಲಿಲ್ಲ.

2006ರ ಅಧಿನಿಯಮವು 1993ರದ್ದನ್ನು ರದ್ದುಪಡಿಸಿ, ಅದರ ಸಾರವನ್ನು ತನ್ನ ಐದನೆಯ ಅಧ್ಯಾಯದಲ್ಲಿ, ಅಂದರೆ ಕಲಂ 15ರಿಂದ 25ರವರೆಗೆ, ಇನ್ನಷ್ಟು ಬಿಗಿಯಾಗಿ ಸೇರಿಸಿಕೊಂಡಿತು. ಅದು 2006ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಸೇವಾ ಉದ್ಯಮಗಳನ್ನು ಒಳಗೊಂಡದ್ದು ಅದು ಮಾಡಿದ ದೊಡ್ಡ ಬದಲಾವಣೆ. ಒಬ್ಬರೇ ನಡೆಸುವ ಮಾಲೀಕತ್ವದ ವ್ಯವಹಾರವೂ ಉದ್ಯಮವೇ. ಹೂಡಿಕೆ ಮತ್ತು ವಾರ್ಷಿಕ ವಹಿವಾಟಿನ ಆಧಾರದ ಮೇಲೆ ವರ್ಗೀಕರಣ ನಡೆಯುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಗಳಂತೆ 2.5 ಕೋಟಿ ರೂಪಾಯಿವರೆಗಿನ ಹೂಡಿಕೆ ಹಾಗೂ 10 ಕೋಟಿ ರೂಪಾಯಿವರೆಗಿನ ವಹಿವಾಟು ಇರುವುದು ಸೂಕ್ಷ್ಮ ಉದ್ಯಮ. ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ವೃತ್ತಿಪರರೂ ಈ ವರ್ಗದಲ್ಲಿ ಬರುತ್ತಾರೆ. ವಿಳಂಬ ಪಾವತಿಯ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ. ಕಾನೂನಿನ ಹೆಸರಿನಲ್ಲಿ ಸ್ಥಾನ ಪಡೆದ ಮಧ್ಯಮ ಉದ್ಯಮಗಳಿಗೆ ಇಲ್ಲ. ಸರಕನ್ನು ಕೊಂಡು ಮಾರುವ ವರ್ತಕರು 2021ರಿಂದ ನೋಂದಣಿ ಪಡೆಯಬಹುದಾದರೂ ಅವರಿಗೆ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ.

ಅವಧಿಯ ಎಣಿಕೆ

ಕಲಂ 15ರಂತೆ ಖರೀದಿದಾರನು ಲಿಖಿತ ಒಪ್ಪಂದದಲ್ಲಿರುವ ದಿನಾಂಕದಂದು ಅಥವಾ ಅದಕ್ಕೆ ಮೊದಲು ಹಣ ಸಲ್ಲಿಸಬೇಕು. ಆದರೆ ಆ ಒಪ್ಪಂದದ ಅವಧಿಯು ಅಂಗೀಕಾರದ ದಿನದಿಂದ 45 ದಿನಗಳನ್ನು ಯಾವ ಸಂದರ್ಭದಲ್ಲಿಯೂ ಮೀರುವಂತಿಲ್ಲ. ಪಾವತಿಯ ದಿನದ ಬಗ್ಗೆ ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನಗಳು ಮಾತ್ರ. ಬಾಯಿಮಾತಿನ ವ್ಯವಹಾರದಲ್ಲಿ ಪೂರೈಕೆದಾರರ ಸ್ಥಿತಿ ದುರ್ಬಲವೆಂಬುದು ಸಾಮಾನ್ಯ ತಿಳಿವಳಿಕೆ. ಅವಧಿಯ ಮಟ್ಟಿಗೆ ಈ ಕಾನೂನಿನಲ್ಲಿ ಅದು ತಿರುವುಮುರುವು.

ಅಂಗೀಕಾರದ ದಿನವೆಂದರೆ ಸರಕು ತಲುಪಿದ ಅಥವಾ ಸೇವೆ ಪೂರೈಸಿದ ದಿನ. ಬಿಲ್ಲಿನ ದಿನಾಂಕವಲ್ಲ, ಖರೀದಿದಾರನ ಕಚೇರಿಯಲ್ಲಿ ಬಿಲ್ಲು ಪಾಸಾದ ದಿನವೂ ಅಲ್ಲ. ಕೆಲಸದಲ್ಲಿ ಕೊರತೆಯಿದ್ದರೆ ಖರೀದಿದಾರನು 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಿಸಬೇಕು. ಆಗ ಪೂರೈಕೆದಾರರು ಆ ಕೊರತೆಯನ್ನು ನಿವಾರಿಸಿದ ದಿನವೇ ಅಂಗೀಕಾರದ ದಿನವಾಗುತ್ತದೆ. 15 ದಿನಗಳಲ್ಲಿ ಲಿಖಿತ ಆಕ್ಷೇಪ ಬಾರದಿದ್ದರೆ ಸೇವೆ ಪೂರೈಸಿದ ದಿನದಂದೇ ಅದು ಅಂಗೀಕಾರವಾಯಿತೆಂದು ಭಾವಿಸಲಾಗುತ್ತದೆ. ಮೂರು ತಿಂಗಳ ನಂತರ, ಬಾಕಿ ಕೇಳಿದಾಗ ಮೊದಲ ಬಾರಿಗೆ ‘ಕೆಲಸದ ಗುಣಮಟ್ಟ ಸರಿಯಿರಲಿಲ್ಲ’ ಎನ್ನುವ ಪರಿಪಾಠಕ್ಕೆ ಈ ನಿಯಮ ತಡೆ ಒಡ್ಡುತ್ತದೆ. ಹಾಗಾಗಿಯೇ ಕೆಲಸ ಒಪ್ಪಿಸಿದ ದಿನವನ್ನು ತೋರಿಸುವ ಮಿಂಚಂಚೆ ಬಿಲ್ಲಿನಷ್ಟೇ ಬೆಲೆಯುಳ್ಳ ದಾಖಲೆ.

ಒಂದು ಉದಾಹರಣೆ: ನೋಂದಾಯಿತ ವಿನ್ಯಾಸಕಿಯೊಬ್ಬರು 1,00,000 ರೂಪಾಯಿಯ ಕೆಲಸವನ್ನು 2024ರ ಜೂನ್ 1ರಂದು ಒಪ್ಪಿಸಿದರು, ಆಕ್ಷೇಪ ಬರಲಿಲ್ಲ ಎಂದಿಟ್ಟುಕೊಳ್ಳಬಹುದು. ಲಿಖಿತ ಒಪ್ಪಂದವಿಲ್ಲದಿದ್ದರೆ ಹಣ ಜೂನ್ 16ರೊಳಗೆ ಬರಬೇಕು. 30 ದಿನಗಳ ಒಪ್ಪಂದವಿದ್ದರೆ ಜುಲೈ 1ರೊಳಗೆ. ಖರೀದಿದಾರನು 90 ದಿನವೆಂದು ಬರೆಸಿಕೊಂಡಿದ್ದರೂ ಕಾನೂನು ಅದನ್ನು 45ಕ್ಕೆ ಇಳಿಸುವುದರಿಂದ ಕೊನೆಯ ದಿನ ಜುಲೈ 16.

ಬಡ್ಡಿ

ಗಡುವು ಮೀರಿದರೆ ಕಲಂ 16ರಂತೆ ಭಾರತೀಯ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವ ಚಕ್ರಬಡ್ಡಿಯಾಗಿ ಕೊಡಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಬ್ಯಾಂಕ್ ದರವೇ ಹೊರತು ಸುದ್ದಿಯಲ್ಲಿ ಹೆಚ್ಚು ಕೇಳಿಬರುವ ರೆಪೊ ದರವಲ್ಲ. ಕರಾರಿನಲ್ಲಿ ‘ಬಡ್ಡಿ ಇಲ್ಲ’ ಎಂದು ಬರೆದಿದ್ದರೂ ಈ ಹೊಣೆ ತಪ್ಪುವುದಿಲ್ಲ.

ಮೇಲಿನ ಉದಾಹರಣೆಯ 90 ದಿನಗಳ ಕರಾರಿನಲ್ಲಿ ಬಡ್ಡಿ ಜುಲೈ 17ರಿಂದ ಆರಂಭವಾಗುತ್ತದೆ. ಆ ಕಾಲದಲ್ಲಿ ಬ್ಯಾಂಕ್ ದರ ಶೇ 6.75 ಇತ್ತು, ಮೂರು ಪಟ್ಟೆಂದರೆ ವರ್ಷಕ್ಕೆ ಶೇ 20.25, ತಿಂಗಳಿಗೆ ಶೇ 1.6875. ಆರು ತಿಂಗಳ ವಿಳಂಬಕ್ಕೆ ಬಡ್ಡಿ ಸುಮಾರು 10,562 ರೂಪಾಯಿ. ಅದೇ ದರದಲ್ಲಿ ಒಂದು ವರ್ಷ ಕಳೆದರೆ ಸುಮಾರು 22,239 ರೂಪಾಯಿ ಆಗುತ್ತಿತ್ತು. ಸುಸ್ಥಿತಿಯಲ್ಲಿರುವ ಕಂಪನಿಗೆ ಬ್ಯಾಂಕ್ ಸಾಲ ಇದಕ್ಕಿಂತ ಬಹಳ ಅಗ್ಗವಾಗಿ ಸಿಗುತ್ತದೆ. ಪೂರೈಕೆದಾರರ ಹಣವನ್ನು ಹಿಡಿದಿಡುವುದು ನಷ್ಟದ ಬಾಬತ್ತಾಗಬೇಕೆಂಬುದೇ ಈ ದರದ ತರ್ಕ. ಜೊತೆಗೆ, ಕಲಂ 23ರಂತೆ ಹೀಗೆ ಕೊಟ್ಟ ಬಡ್ಡಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯಲು ಅವಕಾಶವಿಲ್ಲ.

ಆದರೂ ಈ ಬಡ್ಡಿಯನ್ನು ಬಿಲ್ಲಿನಲ್ಲಿ ಸೇರಿಸಿ ಕೇಳುವವರು ವಿರಳ. ಸಂಬಂಧ ಮುಂದುವರಿಯಬೇಕೆಂದು ಬಯಸುವವರು ಅಸಲು ಬಂದರೆ ಸಾಕೆಂದು ಸುಮ್ಮನಾಗುತ್ತಾರೆ. ಬಡ್ಡಿಯ ಪ್ರಶ್ನೆ ಮೇಲೇಳುವುದು ಬಹುಪಾಲು ಸಂಬಂಧ ಮುರಿದುಬಿದ್ದ ಮೇಲೆಯೇ.

ನೋಂದಣಿಯ ಪ್ರಶ್ನೆ

2020ರ ಜುಲೈ 1ರಿಂದ ಉದ್ಯಮಗಳ ನೋಂದಣಿ ‘ಉದ್ಯಮ್’ ಹೆಸರಿನ ಜಾಲತಾಣದ ಮೂಲಕ ನಡೆಯುತ್ತಿದೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳ ಆಧಾರದ ಮೇಲೆ, ಸ್ವಯಂ ಘೋಷಣೆಯಿಂದ, ಶುಲ್ಕವಿಲ್ಲದೆ ನೋಂದಣಿ ದೊರೆಯುತ್ತದೆ. ಸರಳವಾದ ಈ ಕೆಲಸವನ್ನು ಯಾವಾಗ ಮಾಡಲಾಯಿತು ಎಂಬುದರ ಮೇಲೆ ಇಡೀ ಪ್ರಕರಣ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಅಧಿನಿಯಮದ ಕಲಂ 2ರಲ್ಲಿ ಪೂರೈಕೆದಾರ ಎಂದರೆ ನಿಗದಿತ ಪ್ರಾಧಿಕಾರಕ್ಕೆ ಜ್ಞಾಪನಪತ್ರ ಸಲ್ಲಿಸಿದ ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಎಂಬ ವ್ಯಾಖ್ಯೆಯಿದೆ. ಈ ಮಾತುಗಳನ್ನು ಹಿಡಿದು ಸರ್ವೋಚ್ಚ ನ್ಯಾಯಾಲಯವು ಸಿಲ್ಪಿ ಇಂಡಸ್ಟ್ರೀಸ್ ಮತ್ತು ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮದ ನಡುವಿನ ಪ್ರಕರಣದಲ್ಲಿ (2021) ಕರಾರು ಆಗುವ ಹೊತ್ತಿಗೆ ನೋಂದಣಿ ಇರಬೇಕು, ನಂತರ ಪಡೆದ ನೋಂದಣಿ ಹಿಂದಿನ ವ್ಯವಹಾರಕ್ಕೆ ಅನ್ವಯಿಸದು ಎಂದು ಹೇಳಿತು. ಗುಜರಾತ್ ರಾಜ್ಯ ನಾಗರಿಕ ಪೂರೈಕೆ ನಿಗಮ ಮತ್ತು ಮಹಾಕಾಳಿ ಫುಡ್ಸ್ ನಡುವಿನ ಪ್ರಕರಣದಲ್ಲಿ (2022) ಅದೇ ನಿಲುವನ್ನು ಪುನರುಚ್ಚರಿಸಿತು. ಇದರ ಫಲವಾಗಿ, ಬಿಲ್ಲು ಸಿಕ್ಕಿಕೊಂಡ ಮೇಲೆ ಕಾನೂನನ್ನು ಹುಡುಕಿ ನೋಂದಣಿ ಮಾಡಿಸಿಕೊಂಡವರಿಗೆ ಆ ಬಿಲ್ಲಿನ ಮಟ್ಟಿಗೆ ಬಾಗಿಲು ಮುಚ್ಚಿತು. ಸ್ವತಂತ್ರ ವೃತ್ತಿಪರರಲ್ಲಿ ಬಹಳಷ್ಟು ಜನ ತಾವೊಂದು ‘ಉದ್ಯಮ’ ಎಂದು ಎಂದೂ ಯೋಚಿಸಿರುವುದಿಲ್ಲವಾದ್ದರಿಂದ ಈ ನಿಯಮದ ಪೆಟ್ಟು ಹೆಚ್ಚಾಗಿ ಬೀಳುವುದು ಅವರ ಮೇಲೆ.

2025ರ ಜನವರಿಯಲ್ಲಿ ಎನ್‌ಬಿಸಿಸಿ ಮತ್ತು ಪಶ್ಚಿಮ ಬಂಗಾಳ ರಾಜ್ಯದ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಭಿನ್ನ ದಾರಿ ಹಿಡಿಯಿತು. ಕಲಂ 18 ‘ವಿವಾದದ ಯಾವುದೇ ಪಕ್ಷ’ ಮಂಡಳಿಗೆ ಹೋಗಬಹುದೆನ್ನುತ್ತದೆ. ಜ್ಞಾಪನಪತ್ರ ಸಲ್ಲಿಸುವುದು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಐಚ್ಛಿಕವೆಂದು ಕಲಂ 8 ಹೇಳುತ್ತದೆ. ಹೀಗಿರುವಾಗ ಕರಾರಿಗೆ ಮೊದಲೇ ನೋಂದಣಿ ಇರಬೇಕೆಂಬುದು ಕಡ್ಡಾಯವಲ್ಲ ಎಂಬುದು ಆ ಪೀಠದ ಅಭಿಪ್ರಾಯ. ಹಿಂದಿನ ತೀರ್ಪುಗಳ ಕಾರಣದಿಂದ ಪ್ರಶ್ನೆಯನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ವ್ಯವಹಾರದಲ್ಲಿ ಸುರಕ್ಷಿತ ಮಾರ್ಗ ಮಾತ್ರ ಒಂದೇ: ಮೊದಲ ಕರಾರಿಗೆ ಮುನ್ನ ನೋಂದಣಿ, ಮತ್ತು ಪ್ರತಿ ಬಿಲ್ಲಿನ ಮೇಲೆ ಆ ಸಂಖ್ಯೆಯ ಮುದ್ರಣ.

ಸೌಲಭ್ಯ ಮಂಡಳಿ

ಕಲಂ 20ರಂತೆ ಪ್ರತಿ ರಾಜ್ಯ ಸರ್ಕಾರವೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಯನ್ನು ರಚಿಸಬೇಕು. ಕರ್ನಾಟಕದಲ್ಲಿಯೂ ಮಂಡಳಿಯಿದೆ. ಮೂವರಿಂದ ಐವರು ಸದಸ್ಯರಿರುತ್ತಾರೆ. ಪೂರೈಕೆದಾರರು ಯಾವ ರಾಜ್ಯದಲ್ಲಿದ್ದಾರೋ ಆ ರಾಜ್ಯದ ಮಂಡಳಿಗೆ ಅಧಿಕಾರ. ಖರೀದಿದಾರ ಭಾರತದಲ್ಲಿ ಎಲ್ಲಿದ್ದರೂ ಸರಿ. ಹುಬ್ಬಳ್ಳಿಯ ವೃತ್ತಿಪರರು ಮುಂಬೈ ಅಥವಾ ಗುರುಗ್ರಾಮದ ಕಂಪನಿಯ ಮೇಲಿನ ದೂರನ್ನು ಕರ್ನಾಟಕದಲ್ಲೇ ಸಲ್ಲಿಸಬಹುದು. ಕರಾರಿನಲ್ಲಿ ‘ವಿವಾದಗಳು ದೆಹಲಿಯ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿವೆ’ ಎಂದು ಬರೆದುಕೊಟ್ಟವರಿಗೆ ಇದು ಸಣ್ಣ ಅನುಕೂಲವಲ್ಲ.

2017ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಸಮಾಧಾನ್’ ಜಾಲತಾಣದ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆ ಬಂದಿತು. ಮಂಡಳಿ ಮೊದಲು ರಾಜಿ ಸಂಧಾನ ನಡೆಸುತ್ತದೆ. ಅದು ವಿಫಲವಾದರೆ ತಾನೇ ಮಧ್ಯಸ್ಥಿಕೆ ಕೈಗೊಳ್ಳುತ್ತದೆ ಅಥವಾ ಬೇರೆ ಸಂಸ್ಥೆಗೆ ಒಪ್ಪಿಸುತ್ತದೆ. ಸಂಧಾನ ನಡೆಸಿದ ಮಂಡಳಿಯೇ ಮಧ್ಯಸ್ಥನೂ ಆಗಬಹುದೆಂದು, ಕರಾರಿನಲ್ಲಿ ಬೇರೆ ಮಧ್ಯಸ್ಥಿಕೆಯ ಷರತ್ತಿದ್ದರೂ ಈ ದಾರಿ ತೆರೆದಿರುತ್ತದೆಂದು ಮಹಾಕಾಳಿ ಫುಡ್ಸ್ ತೀರ್ಪು ಸ್ಪಷ್ಟಪಡಿಸಿತು. ಅರ್ಜಿಯನ್ನು 90 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಆಚರಣೆಯಲ್ಲಿ ಈ ಗಡುವು ಮೀರುವುದು ಸಾಮಾನ್ಯ. ಪಾವತಿಯ ವಿಳಂಬವನ್ನು ಕೇಳುವ ಮಂಡಳಿಯೇ ವಿಳಂಬಕ್ಕೆ ಸಿಲುಕಿರುವುದು ಈ ವ್ಯವಸ್ಥೆಯ ಮೇಲಿನ ದೊಡ್ಡ ಟೀಕೆ.

ತೀರ್ಪು ಬಂದ ಮೇಲೆ ಪೂರೈಕೆದಾರರ ಕೈ ಬಲವಾಗುತ್ತದೆ. ಅದನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಹೋಗುವ ಖರೀದಿದಾರನು ಕಲಂ 19ರಂತೆ ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಬಾಕಿಯನ್ನು ಇನ್ನೂ ಎಳೆಯುವುದಕ್ಕೆಂದೇ ಮೇಲಿನ ನ್ಯಾಯಾಲಯಕ್ಕೆ ಹೋಗುವ ಆಕರ್ಷಣೆ ಇದರಿಂದ ಬಹಳ ಕಡಿಮೆಯಾಗುತ್ತದೆ.

ತೆರಿಗೆಯ ಪಾತ್ರ

ವಿಳಂಬದ ಭಾರವನ್ನು ತೆರಿಗೆ ನಿಯಮಗಳು ಕೆಲವೆಡೆ ಹೆಚ್ಚಿಸುತ್ತವೆ, ಕೆಲವೆಡೆ ಪೂರೈಕೆದಾರರಿಗೆ ಅಸ್ತ್ರವಾಗುತ್ತವೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಾಯಿತರಾದವರು ಬಿಲ್ಲು ನೀಡಿದ ಅವಧಿಯ ತೆರಿಗೆಯನ್ನು ಹಣ ಕೈಸೇರಲಿ ಬಿಡಲಿ ಸರ್ಕಾರಕ್ಕೆ ಕಟ್ಟಬೇಕು. 1,00,000 ರೂಪಾಯಿಯ ಸೇವೆಗೆ ಶೇ 18ರಂತೆ 18,000 ರೂಪಾಯಿ ಪೂರೈಕೆದಾರರ ಜೇಬಿನಿಂದ ಮೊದಲು ಹೋಗುತ್ತದೆ. ಬಾರದ ಹಣದ ಮೇಲೆ ತೆರಿಗೆ ಕಟ್ಟುವ ಈ ಸ್ಥಿತಿ ಸಣ್ಣ ವೃತ್ತಿಪರರ ಅತ್ಯಂತ ಕಹಿಯಾದ ದೂರುಗಳಲ್ಲೊಂದು. ಇದಕ್ಕೆ ಪ್ರತಿಯಾಗಿ, ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದ ಖರೀದಿದಾರನು ಆ ಬಿಲ್ಲಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಹಣ ಕೊಟ್ಟ ಮೇಲೆ ಜಮೆ ಮತ್ತೆ ಸಿಗುತ್ತದೆ. ಖರೀದಿದಾರನ ಲೆಕ್ಕಪತ್ರ ವಿಭಾಗಕ್ಕೆ ಬರೆಯುವ ಜ್ಞಾಪನೆಯಲ್ಲಿ ಈ ಒಂದು ವಾಕ್ಯಕ್ಕೆ ಇರುವ ಬಲ ಎಷ್ಟೋ ವಿನಯದ ಮನವಿಗಳಿಗೆ ಇರುವುದಿಲ್ಲ.

2023ರ ಹಣಕಾಸು ಅಧಿನಿಯಮವು 1961ರ ಆದಾಯ ತೆರಿಗೆ ಅಧಿನಿಯಮದ ಕಲಂ 43ಬಿಗೆ ‘ಎಚ್’ ಎಂಬ ಉಪವಾಕ್ಯವನ್ನು ಸೇರಿಸಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕಲಂ 15ರ ಗಡುವಿನೊಳಗೆ ಕೊಡದ ಮೊತ್ತವನ್ನು, ಅದನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ಕಳೆಯಬಹುದೆಂಬುದು ಇದರ ತಾತ್ಪರ್ಯ. 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಇದು ಅನ್ವಯವಾಯಿತು. ಮಾರ್ಚ್ 31ಕ್ಕೆ ಗಡುವು ಮೀರಿ ಬಾಕಿ ಉಳಿದ ಬಿಲ್ಲುಗಳ ಮೇಲೆ ಖರೀದಿದಾರನು ಆ ವರ್ಷ ತೆರಿಗೆ ಕಟ್ಟಬೇಕಾಗುತ್ತದೆ. ಏಪ್ರಿಲ್‌ನಲ್ಲಿ ತಡವಾಗಿ ಡಿಸೆಂಬರ್‌ನಲ್ಲಿ ಕೊಟ್ಟರೆ ಈ ನಿಯಮದಿಂದ ತೊಂದರೆಯಿಲ್ಲ. ಆದ್ದರಿಂದ ಅದರ ಒತ್ತಡ ಕಾಣುವುದು ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ. ಖರೀದಿದಾರರು ನೋಂದಾಯಿತ ಸಣ್ಣ ಪೂರೈಕೆದಾರರನ್ನೇ ಬಿಟ್ಟು ಬೇರೆಯವರತ್ತ ಹೋಗಬಹುದೆಂಬ ಆತಂಕವೂ ಆಗ ವ್ಯಕ್ತವಾಯಿತು.

ಮೂಲದಲ್ಲಿ ತೆರಿಗೆ ಕಡಿತದ ದಾಖಲೆಯೂ ಕೆಲವೊಮ್ಮೆ ನೆರವಿಗೆ ಬರುತ್ತದೆ. ವೃತ್ತಿಪರ ಶುಲ್ಕದ ಮೇಲಿನ ಶೇ 10ರ ಕಡಿತವನ್ನು ಖರೀದಿದಾರನು ಹಣ ಕೊಡುವಾಗ ಅಥವಾ ತನ್ನ ಪುಸ್ತಕದಲ್ಲಿ ಜಮೆ ಬರೆಯುವಾಗ, ಯಾವುದು ಮೊದಲೋ ಆಗ ಮಾಡಬೇಕು. ಹೀಗಾಗಿ ಹಣ ಬಾರದಿದ್ದರೂ ಕಡಿತ ಮಾತ್ರ ಪೂರೈಕೆದಾರರ ತೆರಿಗೆ ವಿವರಪಟ್ಟಿಯಲ್ಲಿ, ಅಂದರೆ ನಮೂನೆ 26ಎಎಸ್‌ನಲ್ಲಿ, ಕಾಣಿಸಿಕೊಳ್ಳುವುದುಂಟು. ‘ನಿಮ್ಮ ಬಿಲ್ಲು ನಮಗೆ ತಲುಪಿಯೇ ಇಲ್ಲ’ ಎನ್ನುವವನ ಎದುರು ಇದು ಒಳ್ಳೆಯ ಪುರಾವೆ.

ಕಂಪನಿಗಳ ಮೇಲೆ ಇನ್ನೂ ಎರಡು ಹೊಣೆಗಳಿವೆ. ಬಾಕಿ ಅಸಲು ಮತ್ತು ಬಡ್ಡಿಯನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕು. 45 ದಿನ ಮೀರಿದ ಬಾಕಿಗಳ ವಿವರವನ್ನು 2019ರಿಂದ ಆರು ತಿಂಗಳಿಗೊಮ್ಮೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಬೇಕು. ಬಿಲ್ಲುಗಳನ್ನು ಹರಾಜಿನಂತೆ ಬ್ಯಾಂಕುಗಳಿಗೆ ವಟಾಯಿಸಿ ಮೊದಲೇ ಹಣ ಪಡೆಯುವ ‘ಟ್ರೆಡ್ಸ್’ ವ್ಯವಸ್ಥೆಯೂ ರಿಸರ್ವ್ ಬ್ಯಾಂಕಿನ ಅನುಮತಿಯಡಿ ನಡೆಯುತ್ತಿದೆ, ಆದರೆ ಖರೀದಿದಾರನು ಅದರಲ್ಲಿ ಸೇರಿ ಬಿಲ್ಲನ್ನು ಒಪ್ಪಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ನೋಂದಣಿ ಇಲ್ಲದವರಿಗೆ

ಉದ್ಯಮ್ ನೋಂದಣಿ ಇಲ್ಲದವರು ಸಾಮಾನ್ಯ ಕಾನೂನಿನ ಮೊರೆಹೋಗಬೇಕು. 1872ರ ಕರಾರು ಅಧಿನಿಯಮದಡಿ ಹಣ ವಸೂಲಿಗೆ ದಾವೆ ಹೂಡಬಹುದು. ಕರಾರಿನಲ್ಲಿ ಬಡ್ಡಿಯ ದರ ಬರೆದಿಲ್ಲದಿದ್ದರೂ 1978ರ ಬಡ್ಡಿ ಅಧಿನಿಯಮದಂತೆ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಲಿಖಿತ ಕರಾರಿನ ಆಧಾರದ ಮೇಲೆ ನಿಗದಿತ ಮೊತ್ತ ಬರಬೇಕಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೆಯ ಆದೇಶದ ಸಂಕ್ಷಿಪ್ತ ದಾವೆಗೆ ಅವಕಾಶವಿದೆ. ಅದರಲ್ಲಿ ಪ್ರತಿವಾದಿಯು ವಾದ ಮಂಡಿಸಲು ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. 3 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವಿವಾದಗಳು 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ತುರ್ತು ಪರಿಹಾರ ಬೇಡದ ದಾವೆಗಳಿಗೆ ಮೊದಲು ಸಂಧಾನದ ಹಂತ ದಾಟುವುದು ಕಡ್ಡಾಯ.

ದಿವಾಳಿ ಸಂಹಿತೆಯಡಿ ಕಂಪನಿಗೆ ನೋಟಿಸು ನೀಡುವ ದಾರಿ ಒಂದು ಕಾಲದಲ್ಲಿ ಸಣ್ಣ ಸಾಲಿಗರಿಗೂ ಲಭ್ಯವಿತ್ತು. 2020ರ ಮಾರ್ಚ್‌ನಲ್ಲಿ ಕನಿಷ್ಠ ಬಾಕಿಯ ಮಿತಿ 1 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿದ ಮೇಲೆ ಒಬ್ಬಂಟಿ ವೃತ್ತಿಪರರ ಮಟ್ಟಿಗೆ ಅದು ಮುಚ್ಚಿದಂತೆಯೇ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕಾಲಮಿತಿಯಲ್ಲಿ. 1963ರ ಕಾಲಪರಿಮಿತಿ ಅಧಿನಿಯಮದಂತೆ ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಮೂರು ವರ್ಷಗಳ ಅವಕಾಶ. ದೂರವಾಣಿಯಲ್ಲಿ ‘ಮುಂದಿನ ತಿಂಗಳು ಖಂಡಿತ’ ಎಂಬ ಭರವಸೆ ಎಷ್ಟು ಬಾರಿ ಸಿಕ್ಕರೂ ಈ ಗಡಿಯಾರ ನಿಲ್ಲುವುದಿಲ್ಲ. ಅವಧಿ ಮುಗಿಯುವ ಮೊದಲು ಖರೀದಿದಾರನು ಬಾಕಿಯನ್ನು ಬರಹದಲ್ಲಿ ಸಹಿಯೊಂದಿಗೆ ಒಪ್ಪಿಕೊಂಡರೆ ಆ ದಿನದಿಂದ ಹೊಸ ಎಣಿಕೆ ಶುರುವಾಗುತ್ತದೆ. ಭಾಗಶಃ ಹಣ ಕೊಟ್ಟು ಅದು ಅವನ ಬರಹದಲ್ಲಿ ದಾಖಲಾದಾಗಲೂ ಹಾಗೆಯೇ. ಸೌಲಭ್ಯ ಮಂಡಳಿಯ ಮಧ್ಯಸ್ಥಿಕೆಗೂ ಕಾಲಪರಿಮಿತಿ ಅನ್ವಯಿಸುತ್ತದೆಂದು ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೇಳಿದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನ 1998ರ ಕಾನೂನಿನಂತೆ ತಡವಾದ ವಾಣಿಜ್ಯ ಬಾಕಿಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರಕ್ಕಿಂತ ಶೇಕಡ 8 ಅಂಶ ಹೆಚ್ಚಿನ ಬಡ್ಡಿ, ಜೊತೆಗೆ ಬಾಕಿಯ ಗಾತ್ರಕ್ಕೆ ತಕ್ಕಂತೆ 40, 70 ಅಥವಾ 100 ಪೌಂಡುಗಳ ನಿಗದಿತ ಪರಿಹಾರ ಕೇಳಬಹುದು. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಲ್ಲಿ ವಸೂಲಿ ವೆಚ್ಚಕ್ಕೆಂದು ಕನಿಷ್ಠ 40 ಯೂರೊ ಇದೆ. ಸಣ್ಣ ಬಿಲ್ಲುಗಳಲ್ಲಿ ಬಡ್ಡಿಗಿಂತ ಈ ನಿಗದಿತ ಮೊತ್ತವೇ ಹೆಚ್ಚು ಅರ್ಥಪೂರ್ಣ. ಭಾರತದ ಕಾನೂನಿನಲ್ಲಿ ಅಂಥದ್ದಿಲ್ಲ.

ಸ್ವತಂತ್ರ ವೃತ್ತಿಪರರಿಗೆಂದೇ ರೂಪಿಸಿದ ಕಾನೂನಿಗೆ ನ್ಯೂಯಾರ್ಕ್ ನಗರದ ‘ಫ್ರೀಲಾನ್ಸ್ ಈಸಂಟ್ ಫ್ರೀ’ ಕಾಯ್ದೆ ಉದಾಹರಣೆ. 2017ರ ಮೇ ತಿಂಗಳಲ್ಲಿ ಜಾರಿಗೆ ಬಂದ ಅದರಂತೆ 800 ಡಾಲರ್ ಅಥವಾ ಹೆಚ್ಚಿನ ಕೆಲಸಕ್ಕೆ ಲಿಖಿತ ಕರಾರು ಕಡ್ಡಾಯ, ದಿನಾಂಕ ಗೊತ್ತುಪಡಿಸದಿದ್ದರೆ ಕೆಲಸ ಮುಗಿದ 30 ದಿನಗಳಲ್ಲಿ ಪಾವತಿ, ತಪ್ಪಿದರೆ ಇಮ್ಮಡಿ ಪರಿಹಾರಕ್ಕೆ ಅವಕಾಶ. 2024ರ ಆಗಸ್ಟ್‌ನಿಂದ ಇದೇ ಮಾದರಿಯ ಕಾನೂನು ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಜಾರಿಯಲ್ಲಿದೆ. ಅಲ್ಲಿ ರಕ್ಷಣೆಗೆ ನೋಂದಣಿಯ ಅಗತ್ಯವಿಲ್ಲ, ಲಿಖಿತ ಕರಾರು ಮಾಡಿಸುವ ಹೊಣೆ ಕೆಲಸ ಕೊಡುವವನದು.

ಭಾರತದಲ್ಲಿದ್ದು ಹೊರದೇಶದ ಗ್ರಾಹಕರಿಗೆ ಕೆಲಸ ಮಾಡುವವರು, ಬೆಂಗಳೂರಿನ ತಂತ್ರಾಂಶ ವೃತ್ತಿಪರರಲ್ಲಿ ಇಂಥವರು ಅನೇಕರು, ಎರಡೂ ಬದಿಯ ರಕ್ಷಣೆಯಿಂದ ಬಹುಮಟ್ಟಿಗೆ ಹೊರಗುಳಿಯುತ್ತಾರೆ. ಮಂಡಳಿಯ ಅಧಿಕಾರವನ್ನು ಕಲಂ 18 ಭಾರತದಲ್ಲಿರುವ ಖರೀದಿದಾರನಿಗೆ ಸೀಮಿತಗೊಳಿಸಿದೆ. ವಿದೇಶದಲ್ಲಿ ದಾವೆ ಹೂಡುವ ವೆಚ್ಚ ಬಿಲ್ಲಿನ ಮೊತ್ತವನ್ನೇ ಮೀರಬಹುದು. ಇದರ ಮೇಲೆ, ರಫ್ತು ಮಾಡಿದ ಸೇವೆಯ ಹಣವನ್ನು ನಿಗದಿತ ಅವಧಿಯೊಳಗೆ ದೇಶಕ್ಕೆ ತರಿಸಿಕೊಳ್ಳುವ ಹೊಣೆಯನ್ನು ವಿದೇಶಿ ವಿನಿಮಯ ನಿಯಮಗಳು ಹಣಕ್ಕಾಗಿ ಕಾಯುತ್ತಿರುವವರ ಮೇಲೆಯೇ ಹೊರಿಸುತ್ತವೆ. ಇಂಥ ವ್ಯವಹಾರಗಳಲ್ಲಿ ಮುಂಗಡ, ಹಂತ ಹಂತದ ಪಾವತಿ ಹಾಗೂ ಮೂರನೆಯವರ ಬಳಿ ಹಣವನ್ನು ಮೊದಲೇ ಇರಿಸುವ ಠೇವಣಿ ಪದ್ಧತಿಗಳೇ ಮುಖ್ಯ ಆಸರೆಯಾಗಿವೆ.